ನಾಲ್ಕು ಪೌಂಡಿನ ಅಂತರ: ಬ್ರಯಾನ್ ವಿಲೋರಿಯಾ ಫ್ಲೈವೇಟ್ ಆದ ಬಗೆ

ಬಾಕ್ಸರ್ ಬ್ರಯಾನ್ ವಿಲೋರಿಯಾ ಅಂದರೆ ಎಲ್ಲರಿಗೂ ನೆನಪಾಗುವುದು ಅವನ ಎಡಗೈ ಹುಕ್, ಅಂದರೆ ಮೊಣಕೈ ಮಡಿಸಿ ಬದಿಯಿಂದ ಬೀಸುವ ಏಟು. ಅದು ಅವನಿಗೆ ಹದಿಹರೆಯದಲ್ಲೇ ಒಲಿದಿತ್ತು, ವೃತ್ತಿಜೀವನದ ಕೊನೆಯವರೆಗೂ ಉಳಿಯಿತು. ಹಾಗಿದ್ದರೆ 2006ರಿಂದ 2010ರವರೆಗೆ ಅವನು ಸೋತದ್ದೇಕೆ, 2011ರಿಂದ ಎರಡು ವರ್ಷ ಅವನನ್ನು ಯಾರಿಗೂ ಮಣಿಸಲಾಗದೆ ಹೋದದ್ದೇಕೆ? ಉತ್ತರ ಕೈಯಲ್ಲಿಲ್ಲ, ತಕ್ಕಡಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. 108 ಪೌಂಡ್, ಅಂದರೆ 48.99 ಕೆ.ಜಿ. ಮಿತಿಯ ಲೈಟ್ ಫ್ಲೈವೇಟ್‌ನಲ್ಲಿ ಅವನು ಎರಡು ಸಲ ವಿಶ್ವ ಚಾಂಪಿಯನ್ ಆದ, ಎರಡು ಸಲವೂ ಚಾಂಪಿಯನ್ ಪಟ್ಟದ ಬೆಲ್ಟ್ ಬೇಗನೆ ಕೈತಪ್ಪಿತು. 112 ಪೌಂಡ್, ಅಂದರೆ 50.80 ಕೆ.ಜಿ.ಯ ಫ್ಲೈವೇಟ್‌ಗೆ ಹತ್ತಿದ ಮೇಲೆ ಅದೇ ಮನುಷ್ಯ ಎಂಟು, ಒಂಬತ್ತು, ಹತ್ತನೇ ರೌಂಡುಗಳಲ್ಲಿ ಎದುರಾಳಿಗಳನ್ನು ಮುಗಿಸತೊಡಗಿದ.

ಫಿಲಿಪೀನ್ಸ್‌ಗೂ ಈ 112 ಪೌಂಡಿಗೂ ನೂರು ವರ್ಷದ ನಂಟು. ನೆಗ್ರೋಸ್ ದ್ವೀಪದ ಇಲೋಗ್ ಎಂಬ ಊರಿನ ಫ್ರಾನ್ಸಿಸ್ಕೋ ಗಿಲ್ಲೇಡೊ, ಪಾಂಚೊ ವಿಲ್ಲಾ ಎಂಬ ಹೆಸರಿನಲ್ಲಿ 1923ರ ಜೂನ್ 18ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಜಿಮ್ಮಿ ವೈಲ್ಡ್‌ನನ್ನು ಏಳನೇ ರೌಂಡಿನಲ್ಲಿ ಕೆಡವಿ ವಿಶ್ವ ಫ್ಲೈವೇಟ್ ಚಾಂಪಿಯನ್ ಆದ. ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಅವನೇ. ಎರಡೇ ವರ್ಷದಲ್ಲಿ, ಹಲ್ಲು ಕಿತ್ತ ಜಾಗದ ಸೋಂಕು ಏರಿ ತೀರಿಕೊಂಡ. ಮ್ಯಾನಿ ಪ್ಯಾಕಿಯಾವೊ ಗೆದ್ದ ಮೊದಲ ವಿಶ್ವ ಪ್ರಶಸ್ತಿಯೂ ಫ್ಲೈವೇಟ್‌ದೇ: 1998ರ ಡಿಸೆಂಬರ್ 4, ಥಾಯ್ಲೆಂಡ್, ಚಾಚಾಯ್ ಸಾಸಾಕುಲ್ ವಿರುದ್ಧ ಎಂಟನೇ ರೌಂಡ್. ಒಂಬತ್ತು ತಿಂಗಳ ನಂತರ ಆ ಬೆಲ್ಟನ್ನು ಅವನು ಕಳೆದುಕೊಂಡದ್ದು ತಕ್ಕಡಿಯ ಮೇಲೆ. ಬೆಳೆಯುತ್ತಿದ್ದ ಮೈ 112ಕ್ಕೆ ಇಳಿಯಲಿಲ್ಲ. ನೀರಿಲ್ಲದೆ ಒಣಗಿದ್ದ ಅವನನ್ನು ಮೆಡ್‌ಗೋಯೆನ್ ಸಿಂಗ್‌ಸುರತ್ ಮೂರನೇ ರೌಂಡಿನಲ್ಲಿ ಹೊಟ್ಟೆಗೆ ಹೊಡೆದು ಮಲಗಿಸಿದ. ಅಲ್ಲಿಂದ ಪ್ಯಾಕಿಯಾವೊ 115, 118 ಎರಡನ್ನೂ ಬಿಟ್ಟು ನೇರ 122 ಪೌಂಡಿಗೆ ಹೋದ. ವಿಲೋರಿಯಾಗೆ ಅದೇ ಪಾಠ ದಕ್ಕಲು ಹೆಚ್ಚು ಕಾಲ ಹಿಡಿಯಿತು.

ವಿಲೋರಿಯಾ ಹುಟ್ಟಿದ್ದು 1980ರ ನವೆಂಬರ್ 24ರಂದು, ಹವಾಯಿಯಲ್ಲಿ, ಫಿಲಿಪಿನೊ ತಂದೆತಾಯಿಗೆ. ಎಳವೆಯ ಕೆಲವು ವರ್ಷ ಇಲೋಕೋಸ್ ಸುರ್ ಪ್ರಾಂತ್ಯದ ನಾರ್ವಕಾನ್‌ನಲ್ಲಿ, ಆಮೇಲೆ ಓಆಹು ದ್ವೀಪದ ವೈಪಾಹುವಿನಲ್ಲಿ. ವೈಪಾಹು ಕಬ್ಬಿನ ಊರು. 1906ರಿಂದ ಫಿಲಿಪೀನ್ಸ್‌ನಿಂದ, ಅದರಲ್ಲೂ ಇಲೋಕೋಸ್ ಕಡೆಯಿಂದ, ಕೂಲಿಗಳು ಹವಾಯಿಯ ತೋಟಗಳಿಗೆ ಹಡಗೇರಿ ಬಂದರು. ಅವರ ಮಕ್ಕಳು ಮೊಮ್ಮಕ್ಕಳ ನಡುವೆ ಬಾಕ್ಸಿಂಗ್ ಮನೆಮಾತು. ಹಾಗಾಗಿ ಅವನು ಅಮೆಚೂರ್ (ಹವ್ಯಾಸಿ) ಆಗಿ ಅಮೆರಿಕದ ಜೆರ್ಸಿ ತೊಟ್ಟರೂ ಮುಂದೆ ಮನಿಲಾದಲ್ಲಿ ರಿಂಗ್ ಹತ್ತಿದಾಗ ಜನ ಅವನನ್ನು ಹೊರಗಿನವನೆಂದು ನೋಡಲಿಲ್ಲ.

ಫಿಲಿಪೀನ್ಸ್‌ನಲ್ಲೇ ಹುಟ್ಟಿ ಬೆಳೆದ ಸಣ್ಣ ತೂಕದ ಹುಡುಗನ ದಾರಿ ಬೇರೆ. ಊರ ಹಬ್ಬದಲ್ಲಿ ಹಾಕಿದ ರಿಂಗು, ಅಲ್ಲಿಂದ ಶಾಲಾ ಮಟ್ಟದ ರಾಷ್ಟ್ರೀಯ ಕ್ರೀಡಾಕೂಟ, ಚುರುಕಿದ್ದರೆ ಮನಿಲಾದ ರಾಷ್ಟ್ರೀಯ ತಂಡ. ಮನೆಯಲ್ಲಿ ಹಣದ ಅಡಚಣೆ ಇದ್ದರೆ ಅಷ್ಟು ದೂರವೂ ಹೋಗುವುದಿಲ್ಲ. ಪ್ಯಾಕಿಯಾವೊ 1995ರ ಜನವರಿಯಲ್ಲಿ ವೃತ್ತಿಪರನಾದಾಗ ವಯಸ್ಸು ಇನ್ನೂ 16. ನಾಲ್ಕು ರೌಂಡಿನ ಪಂದ್ಯದಲ್ಲಿ ಸಿಗುವ ಹಣ ಎಷ್ಟೇ ಸಣ್ಣದಾದರೂ ಕೈಗೆ ಬರುತ್ತದೆ, ಪದಕಕ್ಕೆ ವರ್ಷಗಟ್ಟಲೆ ಕಾಯಬೇಕು. ಇನ್ನು ಕೆಲವರು ರಾಷ್ಟ್ರೀಯ ತಂಡದಲ್ಲೇ ಉಳಿದು ವೃತ್ತಿಪರರಾಗುವುದೇ ಇಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 48 ಕೆ.ಜಿ.ಯಲ್ಲಿ ಬೆಳ್ಳಿ ಗೆದ್ದ ಮನ್ಸುಯೆಟೊ ‘ಓನ್ಯೋಕ್’ ವೆಲಾಸ್ಕೊ ಹಾಗೇ. ಅಮೆಚೂರ್ ಹಂತದ ಉದ್ದಕ್ಕೂ ಕಲಿತು, ಕಲಿತದ್ದನ್ನೆಲ್ಲ ವೃತ್ತಿಗೆ ತಂದ ಫಿಲಿಪಿನೊ ಮೂಲದವರು ಕಡಿಮೆ. ವಿಲೋರಿಯಾನನ್ನು ಗಮನವಿಟ್ಟು ನೋಡಬೇಕಾದದ್ದು ಇದಕ್ಕೇ.

ಅವನ ಅಮೆಚೂರ್ ತರಬೇತಿಯ ಮುಖ್ಯ ಭಾಗ ನಡೆದದ್ದು ಮಿಚಿಗನ್ನಿನ ಮಾರ್ಕ್ವೆಟ್‌ನಲ್ಲಿ, ನಾರ್ದರ್ನ್ ಮಿಚಿಗನ್ ವಿಶ್ವವಿದ್ಯಾಲಯದ ಒಲಿಂಪಿಕ್ ಶಿಕ್ಷಣ ಕೇಂದ್ರದಲ್ಲಿ. ಓದಿಗೆ ಓದು, ಬಾಕ್ಸಿಂಗಿಗೆ ಬಾಕ್ಸಿಂಗ್. 1999 ಅವನ ವರ್ಷ: ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ, ಗೋಲ್ಡನ್ ಗ್ಲೌಸ್ ಪ್ರಶಸ್ತಿ, ಆಮೇಲೆ ಹ್ಯೂಸ್ಟನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 48 ಕೆ.ಜಿ. ಚಿನ್ನ. 2000ದ ಒಲಿಂಪಿಕ್ ಆಯ್ಕೆಯಲ್ಲಿ ಅವನು ಸೋಲಿಸಿದವರಲ್ಲಿ ಒಬ್ಬ ನೊನಿಟೊ ಡೊನೇರ್. ಬೊಹೋಲ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಹುಡುಗ. ಮುಂದೆ ನಾಲ್ಕು ತೂಕಗಳಲ್ಲಿ ಬೆಲ್ಟ್ ಗೆಲ್ಲಲಿರುವ ಡೊನೇರ್‌ಗೆ ಅಂದು ಒಲಿಂಪಿಕ್ಸ್ ತಪ್ಪಿದ್ದು ವಿಲೋರಿಯಾನಿಂದ.

ಸಿಡ್ನಿಯಲ್ಲಿ ಮೊದಲ ಪಂದ್ಯ ರಷ್ಯಾದ ಸೆರ್ಗೆ ಕಜಕೋವ್ ವಿರುದ್ಧ, ಗೆದ್ದ. ಎರಡನೆಯದು ಫ್ರಾನ್ಸಿನ ಬ್ರಾಹಿಂ ಅಸ್ಲೂಮ್ ವಿರುದ್ಧ, 6–4ರಲ್ಲಿ ಸೋತ. ಅಸ್ಲೂಮ್ ಕೊನೆಗೆ ಚಿನ್ನ ಗೆದ್ದ. ಆ ಸಲ ಅಮೆರಿಕದ ತಂಡಕ್ಕೆ ಬಾಕ್ಸಿಂಗಿನಲ್ಲಿ ಒಂದೂ ಚಿನ್ನ ಬರಲಿಲ್ಲ, 1948ರ ನಂತರ ಹಾಗಾದದ್ದು ಅದೇ ಮೊದಲು.

ಎಂಟು ನಿಮಿಷದ ಕಾದಾಟದಲ್ಲಿ ಇಬ್ಬರದೂ ಸೇರಿ ಹತ್ತೇ ಅಂಕ ಹೇಗೆ? ಅಂದಿನ ಅಂಕದ ಪದ್ಧತಿ ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ರಿಂಗಿನ ಸುತ್ತ ಐವರು ತೀರ್ಪುಗಾರರು. ಪ್ರತಿಯೊಬ್ಬರ ಮುಂದೆ ಕೆಂಪು, ನೀಲಿ ಗುಂಡಿಗಳು. ಏಟು ಬಿದ್ದದ್ದು ಕಂಡರೆ ಆ ಬಣ್ಣದ ಗುಂಡಿ ಒತ್ತಬೇಕು. ಐವರಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಮೂವರಿಗೂ ಕಾಣಬೇಕೆಂದರೆ ಏಟು ದೂರದಿಂದ, ನೇರವಾಗಿ, ಒಂಟಿಯಾಗಿ ಬರಬೇಕು. ಮೈಗೆ ಅಂಟಿಕೊಂಡು ಪಕ್ಕೆಗೆ ಹೊಡೆದ ಹುಕ್ಕು ರಿಂಗಿನ ಒಂದು ಬದಿಯಲ್ಲಿ ಕೂತವರಿಗಷ್ಟೇ ಕಾಣುತ್ತದೆ. ಒಂದರ ಹಿಂದೊಂದು ಐದು ಏಟು ಬಿಟ್ಟರೆ ಬೆರಳುಗಳು ಹಿಂದೆ ಬೀಳುತ್ತವೆ, ಸಿಕ್ಕರೆ ಒಂದು ಅಂಕ. ಎದುರಾಳಿಯನ್ನು ನೆಲಕ್ಕೆ ಕೆಡವಿದರೂ ಒಂದೇ, ಗ್ಲೌಸಿನ ತುದಿ ಮುಖಕ್ಕೆ ತಾಗಿದರೂ ಒಂದೇ.

ವಿಲೋರಿಯಾನ ಎತ್ತರ 5 ಅಡಿ 4 ಅಂಗುಲ. ಗಿಡ್ಡ, ಗಟ್ಟಿ ಮೈ. ಒಳಗೆ ನುಗ್ಗಿ ಎಡಗೈಯಿಂದ ಪಕ್ಕೆಗೆ, ಅದೇ ಕೈ ಮೇಲೆತ್ತಿ ದವಡೆಗೆ ಹೊಡೆಯುವುದು ಅವನ ಸಹಜ ಆಟ. ಆ ಗುಂಡಿಗಳಿಗೆ ಇದಕ್ಕಿಂತ ಒಗ್ಗದ ಶೈಲಿ ಇನ್ನೊಂದಿರಲಾರದು. ಅಂಥ ಪದ್ಧತಿಯಲ್ಲೇ ವಿಶ್ವ ಚಿನ್ನ ಗೆದ್ದನೆಂದರೆ ಅವನ ಜ್ಯಾಬ್ (ಮುಂದಿನ ಕೈ ಚಾಚಿ ಕೊಡುವ ಚುರುಕು ಏಟು) ಮತ್ತು ನೇರ ಬಲಗೈ ಎಷ್ಟು ಚೊಕ್ಕವಾಗಿದ್ದಿರಬೇಕು ಎಂದು ಲೆಕ್ಕ ಹಾಕಿ. ಅಮೆಚೂರ್ ಬಾಕ್ಸಿಂಗ್ ಅವನಿಗೆ ಕೊಟ್ಟ ನಿಜವಾದ ಆಸ್ತಿ ಅದು. 2013ರಿಂದ ಆ ಗುಂಡಿಗಳು ಹೋಗಿ ಅಲ್ಲೂ ವೃತ್ತಿಪರರಂತೆ, ರೌಂಡು ಗೆದ್ದವನಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂದಿದೆ. ಹಾಗಾಗಿ ಇಂದಿನ ಅಮೆಚೂರ್ ಹುಡುಗ ವೃತ್ತಿಪರನಾದಾಗ ವಿಲೋರಿಯಾನಷ್ಟು ಹಳೆಯ ಅಭ್ಯಾಸ ಕಳಚಬೇಕಾಗಿಲ್ಲ.

ಕಳಚಬೇಕಾದದ್ದೇನು? ಅವನು ವೃತ್ತಿಪರನಾದದ್ದು 2001ರ ಮೇ ತಿಂಗಳಲ್ಲಿ. ಸಿಡ್ನಿಯಲ್ಲಿ ಎರಡೆರಡು ನಿಮಿಷದ ನಾಲ್ಕು ರೌಂಡು, ಒಟ್ಟು 8 ನಿಮಿಷ. ವಿಶ್ವ ಪ್ರಶಸ್ತಿಯ ಪಂದ್ಯದಲ್ಲಿ ಮೂರು ಮೂರು ನಿಮಿಷದ ಹನ್ನೆರಡು ರೌಂಡು, ಒಟ್ಟು 36 ನಿಮಿಷ. ಗ್ಲೌಸ್ 10 ಔನ್ಸಿನಿಂದ 8 ಔನ್ಸಿಗೆ, ಅಂದರೆ ಸುಮಾರು 283 ಗ್ರಾಮಿನಿಂದ 227 ಗ್ರಾಮಿಗೆ ಇಳಿಯುತ್ತದೆ. ಅದರಿಂದ ಏಟು ಗಡುಸಾಗುತ್ತದೆ. ಇನ್ನೊಂದನ್ನು ಹೊಸಬರು ತಡವಾಗಿ ಅರಿಯುತ್ತಾರೆ: ಗ್ಲೌಸ್ ಚಿಕ್ಕದಾದಷ್ಟೂ ಅದರ ಹಿಂದೆ ಮುಖ ಮರೆಸುವುದು ಕಷ್ಟ, ಎರಡು ಗ್ಲೌಸಿನ ನಡುವಿನ ಸಂದಿಯಲ್ಲಿ ಏಟು ನುಸುಳುತ್ತದೆ. ತಲೆಗವಚ ಇರುವುದಿಲ್ಲ, ಹುಬ್ಬು ಸೀಳುತ್ತದೆ. ಆಗ ಒಂದು ನಿಮಿಷದ ವಿರಾಮದಲ್ಲಿ ಕಾರ್ನರಿನವರು (ಬಾಕ್ಸರನ ಸಹಾಯಕರು) ಅಡ್ರಿನಲಿನ್ ಅದ್ದಿದ ಹತ್ತಿಕಡ್ಡಿಯನ್ನು ಗಾಯದೊಳಗೆ ಒತ್ತಿ ಹಿಡಿದು, ಮೇಲೆ ವ್ಯಾಸಲೀನ್ ಮೆತ್ತಬೇಕು. ಬಾವು ಬಂದ ಜಾಗಕ್ಕೆ ಮಂಜುಗಡ್ಡೆಯಲ್ಲಿಟ್ಟ ಲೋಹದ ಹಲ್ಲೆಯನ್ನು ಅದುಮಿ ಹಿಡಿಯಬೇಕು. ಬಾವನ್ನು ಅತ್ತಿತ್ತ ತಿಕ್ಕಿದರೆ ಒಳಗಿನ ರಕ್ತ ಹರಡಿ ಕಣ್ಣು ಇನ್ನೂ ಬೇಗ ಮುಚ್ಚುತ್ತದೆ.

ಕಾಲಿನ ಕೆಲಸವೂ ಬದಲಾಗುತ್ತದೆ. ಅಮೆಚೂರ್ ಹುಡುಗ ಮುಂಗಾಲಿನ ಮೇಲೆ ಕುಪ್ಪಳಿಸುತ್ತಾ ಒಳಗೆ ಬಂದು ಹೊಡೆದು ಹೊರಗೆ ಓಡುತ್ತಾನೆ. ಮೂವತ್ತಾರು ನಿಮಿಷ ಹಾಗೆ ಕುಪ್ಪಳಿಸಲಾಗದು. ಪಾದ ಊರಿ, ಮಂಡಿ ತುಸು ಮಡಿಸಿ, ಸೊಂಟ ತಿರುಗಿಸಿ ಹೊಡೆಯಬೇಕು. ವಿಲೋರಿಯಾಗೆ ಇದು ಸುಲಭವಾಗೇ ಬಂತು, ಅವನ ಮೈ ಮೊದಲಿನಿಂದ ಬೇಡುತ್ತಿದ್ದುದೇ ಅದನ್ನು. ಬಾರದೆ ಉಳಿದದ್ದು ಶಕ್ತಿಯ ಹಂಚಿಕೆ. ಕಂಪ್ಯೂಟರ್ ಪದ್ಧತಿಯಲ್ಲಿ ಅಂಕಗಳು ಕೂಡುತ್ತಾ ಹೋಗುತ್ತವೆ. ಮೊದಲೆರಡು ರೌಂಡಿನಲ್ಲಿ ಸುರಿಮಳೆಗರೆದು ಐದು ಅಂಕ ಮುಂದಾದರೆ ಉಳಿದ ಹೊತ್ತು ಓಡಾಡಿ ಕಾಯ್ದುಕೊಳ್ಳಬಹುದು. ವೃತ್ತಿಪರರಲ್ಲಿ ಪ್ರತಿ ರೌಂಡಿಗೂ ಬೇರೆ ಖಾತೆ. ಕೂದಲೆಳೆಯಲ್ಲಿ ಗೆದ್ದ ರೌಂಡೂ 10–9, ಎದುರಾಳಿಯನ್ನು ಜಜ್ಜಿ ಗೆದ್ದದ್ದೂ, ಅವನು ಕೆಳಗೆ ಬೀಳದಿದ್ದರೆ, ಬಹುತೇಕ 10–9ರೇ. ಮೊದಲ ನಾಲ್ಕು ರೌಂಡಿನಲ್ಲಿ ಎಲ್ಲವನ್ನೂ ಖರ್ಚು ಮಾಡಿದವನಿಗೆ ಉಳಿದ ಎಂಟರಲ್ಲಿ ಸಾಲ ಕೊಡುವವರಿಲ್ಲ.

2005ರವರೆಗೆ ಈ ಕೊರತೆ ಹೊರಗೆ ಕಾಣಲಿಲ್ಲ, ಯಾಕೆಂದರೆ ಅವನು ಸೋತೇ ಇರಲಿಲ್ಲ. ಆ ವರ್ಷದ ಮೇ 28ರಂದು ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ ರೂಬೆನ್ ಕಾಂಟ್ರೆರಾಸ್ ಜೊತೆಗಿನ ಪಂದ್ಯ ಆರನೇ ರೌಂಡಿನಲ್ಲಿ ನಿಂತಿತು. ಕಾಂಟ್ರೆರಾಸ್ ಮಿದುಳಿನಲ್ಲಿ ರಕ್ತಸ್ರಾವವಾಗಿ ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ಕೋಮಾದಲ್ಲಿದ್ದು, ಬದುಕಿ ಉಳಿದ. ವಿಲೋರಿಯಾ ಆಸ್ಪತ್ರೆಗೆ ಹೋಗಿ ಅವನನ್ನು ನೋಡಿದ. 49 ಕೆ.ಜಿ.ಯವರ ಏಟಿಗೆ ಏನಾದೀತು ಎನ್ನುವವರು ಈ ಪಂದ್ಯವನ್ನು ಮರೆಯಬಾರದು. ತಲೆಯೂ ಅಷ್ಟೇ ಸಣ್ಣದು, ಕತ್ತೂ ಅಷ್ಟೇ ತೆಳು. ಸಣ್ಣ ತೂಕದವರು ಹೆಚ್ಚು ಹೊತ್ತು ನಿಂತು ಹೆಚ್ಚು ಏಟು ತಿನ್ನುವುದರಿಂದ ಅಪಾಯ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ.

ಅದೇ ಸ್ಟೇಪಲ್ಸ್ ಸೆಂಟರ್‌ನಲ್ಲಿ ಸೆಪ್ಟೆಂಬರ್ 10ರಂದು ಮೆಕ್ಸಿಕೋದ ಎರಿಕ್ ಒರ್ಟಿಜ್‌ನನ್ನು ಮೊದಲ ರೌಂಡಿನಲ್ಲೇ ಬಲಗೈಯಿಂದ ಕೆಡವಿ ಡಬ್ಲ್ಯುಬಿಸಿ (ವಿಶ್ವ ಪ್ರಶಸ್ತಿ ಕೊಡುವ ಬಾಕ್ಸಿಂಗ್ ಸಂಸ್ಥೆಗಳಲ್ಲಿ ಒಂದು; ಐಬಿಎಫ್, ಡಬ್ಲ್ಯುಬಿಒ, ಡಬ್ಲ್ಯುಬಿಎ ಅಂಥವೇ) ಲೈಟ್ ಫ್ಲೈವೇಟ್ ಬೆಲ್ಟ್ ಗೆದ್ದ. 2006ರ ಫೆಬ್ರುವರಿಯಲ್ಲಿ ಹೊಸೆ ಅಂಟೋನಿಯೋ ಅಗಿರ್ರೆ ಎದುರು ಉಳಿಸಿಕೊಂಡ. ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಒಮರ್ ನಿನ್ಯೋ ರೊಮೇರೊ ಎದುರು ಸರ್ವಾನುಮತದ ತೀರ್ಪಿನಲ್ಲಿ ಸೋತ. ನವೆಂಬರಿನ ಮರುಪಂದ್ಯದಲ್ಲಿ ನಿನ್ಯೋನನ್ನು ಎರಡು ಸಲ ಕೆಡವಿದರೂ ತೀರ್ಪು ಡ್ರಾ. ನಂತರ ನಿನ್ಯೋನ ಪರೀಕ್ಷೆಯಲ್ಲಿ ಮೆಥಾಂಫೆಟಮಿನ್ ಸಿಕ್ಕು ಪಂದ್ಯವೇ ಅಸಿಂಧುವಾಯಿತು. ಖಾಲಿಯಾದ ಬೆಲ್ಟಿಗಾಗಿ 2007ರ ಏಪ್ರಿಲಿನಲ್ಲಿ ಎಡ್ಗರ್ ಸೋಸಾ ಜೊತೆ ಕಾದಾಡಿ ಮತ್ತೆ ಸೋತ. ಒಬ್ಬನನ್ನು ಎರಡು ಸಲ ನೆಲಕ್ಕೆ ಹಾಕಿಯೂ ಪಂದ್ಯ ಗೆಲ್ಲಲಾಗದಿದ್ದರೆ ಉಳಿದ ರೌಂಡುಗಳು ಕೈಬಿಟ್ಟು ಹೋಗಿವೆ ಎಂದರ್ಥ. ಮಧ್ಯದ ರೌಂಡುಗಳಲ್ಲಿ ಅವನ ಕೈ ಕೆಳಗಿಳಿಯುತ್ತಿತ್ತು, ಕಾಲು ಒಂದೇ ಕಡೆ ನಿಲ್ಲುತ್ತಿತ್ತು, ಏಟು ಒಂದೊಂದಾಗಿ ಬರುತ್ತಿತ್ತು.

ಇಲ್ಲಿ ತೂಕ ಇಳಿಸುವ ಲೆಕ್ಕ ಬಿಡಿಸಿ ಹೇಳಬೇಕು. ಅಮೆಚೂರ್ ಕೂಟದಲ್ಲಿ ಪಂದ್ಯವಿರುವ ದಿನ ಬೆಳಿಗ್ಗೆಯೇ ತೂಕ. ಎರಡು ವಾರದಲ್ಲಿ ನಾಲ್ಕೈದು ಸಲ ಹಾಗೆ ನಿಲ್ಲಬೇಕು. ಅದಕ್ಕೇ ಯಾರೂ ಬಹಳ ಒಣಗಿಸಿಕೊಳ್ಳುವುದಿಲ್ಲ, ತಮ್ಮ ಸಹಜ ತೂಕದ ಹತ್ತಿರವೇ ಇರುತ್ತಾರೆ. ವೃತ್ತಿಪರರಲ್ಲಿ ತೂಕ ಹಿಂದಿನ ದಿನ. ನಡುವೆ ಇಪ್ಪತ್ತನಾಲ್ಕು ಗಂಟೆಗೂ ಹೆಚ್ಚು ಸಿಗುವುದರಿಂದ ನೀರು ಬಿಟ್ಟು ಕೆಳಗಿಳಿದು, ಕುಡಿದು ಮೇಲೇರುವ ಆಸೆ ಹುಟ್ಟುತ್ತದೆ. ಶಿಬಿರದ ಮೊದಲ ವಾರಗಳಲ್ಲಿ ಕೊಬ್ಬು ಕರಗಿಸುತ್ತಾರೆ. ಕೊನೆಯ ವಾರ ಅನ್ನ, ಬ್ರೆಡ್ಡು, ಉಪ್ಪು ಬಿಡುತ್ತಾರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಅದು ಖಾಲಿಯಾದಂತೆ ನೀರೂ ಹೋಗಿ ಒಂದೂವರೆ ಕೆ.ಜಿ.ಯಷ್ಟು ಇಳಿಯುತ್ತದೆ. ಉಳಿದದ್ದು ಕೊನೆಯ ಹದಿನೆಂಟು ಇಪ್ಪತ್ತು ಗಂಟೆಯಲ್ಲಿ: ಪ್ಲಾಸ್ಟಿಕ್ ಸೂಟು, ಹಗ್ಗದಾಟ, ಬಿಸಿನೀರಿನ ತೊಟ್ಟಿ, ಬಾಯಿ ಮುಕ್ಕಳಿಸಿ ಉಗುಳುವುದು.

ತೂಕವಾದ ಮೇಲೆ ಕುಡಿದ ನೀರು ರಕ್ತಕ್ಕೆ ಬೇಗ ಸೇರುತ್ತದೆ. ಆದರೆ ಸ್ನಾಯುವಿನ ಗ್ಲೈಕೋಜನ್ ಪೂರ್ತಿ ತುಂಬಲು ಒಂದು ದಿನ ಸಾಲದು. ಒಮ್ಮೆಗೇ ಗಟಗಟ ಕುಡಿದರೆ ಹೊಟ್ಟೆ ಉಬ್ಬುತ್ತದೆ, ಉಪ್ಪು ಸಕ್ಕರೆ ಇಲ್ಲದೆ ಬರೀ ನೀರು ಕುಡಿದರೆ ಮೂತ್ರವಾಗಿ ಹೋಗುತ್ತದೆ. ಗಂಟೆಗೆ ಮುಕ್ಕಾಲು ಲೀಟರಿನಂತೆ ಉಪ್ಪು ಸಕ್ಕರೆ ಬೆರೆಸಿದ ದ್ರವ, ಜೊತೆಗೆ ಸ್ವಲ್ಪ ಸ್ವಲ್ಪ ಅನ್ನ, ಇದು ಸರಿಯಾದ ಕ್ರಮ. ಇಷ್ಟಾದರೂ ತೀರಾ ಕೆಳಗೆ ಇಳಿದವನಿಗೆ ಮೊದಲ ಐದಾರು ರೌಂಡು ಮಾಮೂಲಿಯಂತೆ ಇದ್ದು ಏಳರಿಂದ ಬ್ಯಾಟರಿ ಇಳಿಯುತ್ತದೆ. ಹತ್ತೊಂಬತ್ತರ ಹುಡುಗ 48 ಕೆ.ಜಿ. ನಿಂತದ್ದು ಬೇರೆ, ಇಪ್ಪತ್ತೊಂಬತ್ತರ ಗಂಡಸು 49 ಕೆ.ಜಿ.ಗೆ ಇಳಿಯುವುದು ಬೇರೆ. ದೊಡ್ಡ ತೂಕದವರಿಗೆ ನಾಲ್ಕು ಪೌಂಡ್ ಒಂದು ಊಟದ ಮಾತು. 108 ಪೌಂಡಿನವನಿಗೆ ಅದು ಮೈಯ ಶೇ 3.7.

ಸಂಸ್ಥೆಗಳೂ ಈ ಅತಿಗೆ ಕಡಿವಾಣ ಹಾಕಿವೆ. ಡಬ್ಲ್ಯುಬಿಸಿ ಪಂದ್ಯಕ್ಕೆ 30 ದಿನ ಮೊದಲು ಮಿತಿಗಿಂತ ಶೇ 10ಕ್ಕಿಂತ, 7 ದಿನ ಮೊದಲು ಶೇ 5ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಫ್ಲೈವೇಟಿಗೆ ಅದು 55.9 ಮತ್ತು 53.3 ಕೆ.ಜಿ. ಐಬಿಎಫ್ ಪ್ರಶಸ್ತಿ ಪಂದ್ಯದ ದಿನ ಬೆಳಿಗ್ಗೆ ಇನ್ನೊಮ್ಮೆ ತೂಗುತ್ತದೆ, ಮಿತಿಗಿಂತ 10 ಪೌಂಡ್ ಮೀರುವಂತಿಲ್ಲ.

2009ರ ಏಪ್ರಿಲ್ 19ರಂದು ಕ್ವಿಜಾನ್ ಸಿಟಿಯ ಅರನೇಟಾ ಕೊಲಿಸಿಯಂನಲ್ಲಿ ವಿಲೋರಿಯಾ ಐಬಿಎಫ್ ಚಾಂಪಿಯನ್ ಉಲಿಸೆಸ್ ಸೋಲಿಸ್‌ನನ್ನು ಹನ್ನೊಂದನೇ ರೌಂಡಿನಲ್ಲಿ ಬಲಗೈಯಿಂದ ಮಲಗಿಸಿದ. ಅದೇ ರಾತ್ರಿ ಅದೇ ರಿಂಗಿನಲ್ಲಿ ಡೊನೇರ್ ತನ್ನ ಫ್ಲೈವೇಟ್ ಬೆಲ್ಟ್ ಉಳಿಸಿಕೊಂಡ. ಅಮೆಚೂರ್ ದಿನಗಳಲ್ಲಿ ವಿಲೋರಿಯಾಗೆ ಸೋತಿದ್ದ ಡೊನೇರ್ 2007ರಲ್ಲೇ ವಿಕ್ ದರ್ಚಿನ್ಯಾನ್‌ನನ್ನು ಐದನೇ ರೌಂಡಿನಲ್ಲಿ ಒಂದೇ ಎಡ ಹುಕ್ಕಿನಲ್ಲಿ ಬೀಳಿಸಿ 112ರಲ್ಲಿ ಚಾಂಪಿಯನ್ ಆಗಿದ್ದ. ಮೈ ಬೆಳೆದಂತೆ ಮೇಲಿನ ತೂಕಕ್ಕೆ ಹೋಗುವುದನ್ನು ಅವನು ಬೇಗ ಕಲಿತ. ಸೋಲಿಸ್ ಮೇಲಿನ ಗೆಲುವು ಅಷ್ಟು ಅದ್ಭುತವಾಗಿದ್ದುದರಿಂದಲೇ ವಿಲೋರಿಯಾ ಇನ್ನೂ ಒಂದು ವರ್ಷ 108ರಲ್ಲಿ ಉಳಿದ ಎಂದು ನನಗನಿಸುತ್ತದೆ.

2010ರ ಜನವರಿ 23ರಂದು ಪಸಾಯ್‌ನ ಕುನೆಟಾ ಆಸ್ಟ್ರೋಡೋಮ್‌ನಲ್ಲಿ ಅದರ ಬೆಲೆ ತೆತ್ತ. ಎದುರಾಳಿ ಕೊಲಂಬಿಯಾದ ಕಾರ್ಲೋಸ್ ತಮಾರಾ, ದೊಡ್ಡ ಏಟಿನವನಲ್ಲ, ಆದರೆ ಬಿಡದೆ ಹೊಡೆಯುವವನು. ಮೊದಲರ್ಧ ವಿಲೋರಿಯಾನದೇ. ಆಮೇಲೆ ಅವನ ಮೈ ನಿಂತೇ ಹೋಯಿತು. ಕೊನೆಯ ರೌಂಡುಗಳಲ್ಲಿ ಹಗ್ಗಕ್ಕೆ ಒರಗಿ ಬರೀ ಏಟು ತಿಂದ. ಹನ್ನೆರಡನೇ ರೌಂಡಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದ. ಅಲ್ಲಿಂದ ಅವನನ್ನು ಆಸ್ಪತ್ರೆಗೆ ಒಯ್ದರು. ಒಂದೇ ಏಟಿಗೆ ಬಿದ್ದದ್ದಾಗಿದ್ದರೆ ದವಡೆ ದುರ್ಬಲ ಎನ್ನಬಹುದಿತ್ತು. ಇಲ್ಲಿ ದವಡೆ ಗಟ್ಟಿಯಿತ್ತು, ಒಳಗಿನ ಇಂಧನ ಮುಗಿದಿತ್ತು. ಹಲವರು ನಿವೃತ್ತಿಯ ಮಾತಾಡಿದರು.

ಅವನು 112ಕ್ಕೆ ಹತ್ತಿದ. 2011ರ ಜುಲೈ 16ರಂದು ಹೊನೊಲುಲುವಿನಲ್ಲಿ, ತನ್ನ ಊರ ಜನರೆದುರು, ಮೆಕ್ಸಿಕೋದ ಹೂಲಿಯೋ ಸೀಸರ್ ಮಿರಾಂಡಾನನ್ನು ಹನ್ನೆರಡು ರೌಂಡು ಆಡಿ ಸರ್ವಾನುಮತದಿಂದ ಸೋಲಿಸಿ ಡಬ್ಲ್ಯುಬಿಒ ಫ್ಲೈವೇಟ್ ಬೆಲ್ಟ್ ತೊಟ್ಟ. ಮಿರಾಂಡಾ ನಿಲ್ಲದೆ ಮುನ್ನುಗ್ಗುವವನು, ತಮಾರಾನ ಥರದವನೇ. ಈ ಸಲ ಕೊನೆಯವರೆಗೂ ವಿಲೋರಿಯಾನ ಕಾಲು ಆಡುತ್ತಿತ್ತು.

ಅವನ ಜೀವನದ ಅತ್ಯುತ್ತಮ ಪಂದ್ಯ 2011ರ ಡಿಸೆಂಬರ್ 11ರದ್ದು ಎಂದು ನಾನು ಹೇಳುತ್ತೇನೆ. ಪಸಿಗ್‌ನ ಯ್ನಾರೆಸ್ ಕ್ರೀಡಾಂಗಣ, ಎದುರಾಳಿ ಜಿಯೋವಾನಿ ಸೆಗುರಾ. 108ರಲ್ಲಿ ಇವಾನ್ ಕಾಲ್ಡೆರೋನ್‌ನಂಥ ಜಾಣನನ್ನು ಎರಡು ಸಲ ನಾಕೌಟ್ ಮಾಡಿ ಬಂದಿದ್ದ ಎಡಗೈಯಾಟಗಾರ. ಸೆಗುರಾನ ಏಟು ಅಗಲವಾಗಿ, ದೂರದಿಂದ ಸುತ್ತಿ ಬರುತ್ತದೆ. ಅಂಥವನೆದುರು ಹಿಂದೆ ಸರಿದರೆ ಏಟಿನ ತುದಿಗೆ ಸಿಕ್ಕುತ್ತೀರಿ, ಅಲ್ಲಿ ಜೋರು ಹೆಚ್ಚು. ವಿಲೋರಿಯಾ ಹಿಂದೆ ಸರಿಯಲಿಲ್ಲ. ಕೈ ಎತ್ತರದಲ್ಲಿಟ್ಟು ಅರ್ಧ ಹೆಜ್ಜೆ ಒಳಗೇ ನಿಂತ, ಸೆಗುರಾನ ಸುತ್ತುಬಳಸಿನ ಏಟು ಬರುವ ಮುನ್ನವೇ ತನ್ನ ಚಿಕ್ಕ ಹುಕ್ಕನ್ನು ಒಳದಾರಿಯಲ್ಲಿ ಬಿಟ್ಟ. ಹ್ಯೂಸ್ಟನ್ನಿನಲ್ಲಿ ಪದಕ ತಂದ ಚೊಕ್ಕ ನೇರ ಬಲಗೈ ಇಲ್ಲಿ ಬಾಗಿಲು ತೆರೆಯುವ ಕೆಲಸ ಮಾಡಿತು. ಸೆಗುರಾನ ಹಣೆಯ ಬದಿ ನಿಂಬೆಯಷ್ಟು ಬಾತುಕೊಂಡಿತು. ಒಂದು ರೌಂಡಿನಲ್ಲಿ ಹೊಡೆದು ಮುಂದಿನದರಲ್ಲಿ ಉಸಿರು ಹಿಡಿಯುವ ಹಳೆಯ ಚಾಳಿ ಕಾಣಲಿಲ್ಲ. ಎಂಟನೇ ರೌಂಡಿನ ಆರಂಭದಲ್ಲಿ ಎಡ ಹುಕ್ಕಿಗೆ ಸೆಗುರಾ ತತ್ತರಿಸಿದ, ರೆಫರಿ ನಿಲ್ಲಿಸಿದ.

2012ರ ಮೇ 13ರಂದು ಪಸಿಗ್‌ನಲ್ಲೇ ಒಮರ್ ನಿನ್ಯೋ ಮೂರನೇ ಸಲ ಎದುರಾದ. ಆರು ವರ್ಷದ ಹಿಂದೆ ಅವನೆದುರು ಹನ್ನೆರಡು ರೌಂಡು ಹಂಚಿಕೊಂಡು ಆಡಲಾಗದಿದ್ದ ವಿಲೋರಿಯಾ ಈಗ ಒಂಬತ್ತನೆಯದರಲ್ಲಿ ಮುಗಿಸಿದ. ನವೆಂಬರ್ 17ರಂದು ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾದಲ್ಲಿ ಡಬ್ಲ್ಯುಬಿಎ ಚಾಂಪಿಯನ್ ಹೆರ್ನಾನ್ ‘ಟೈಸನ್’ ಮಾರ್ಕೆಸ್ ಜೊತೆ ಎರಡು ಬೆಲ್ಟ್‌ಗಳ ಪಂದ್ಯ. ಮಾರ್ಕೆಸ್ ಒಂದು, ಐದು, ಹತ್ತನೇ ರೌಂಡುಗಳಲ್ಲಿ ಬಿದ್ದ, ಹತ್ತನೆಯದರಲ್ಲಿ ಪಂದ್ಯ ಮುಗಿಯಿತು. ನಡುವಿನ ರೌಂಡುಗಳಲ್ಲಿ ಮಾರ್ಕೆಸ್ ಚೆನ್ನಾಗೇ ತಿರುಗಿ ಹೊಡೆದಿದ್ದ. 108ರ ವಿಲೋರಿಯಾ ಅಲ್ಲಿ ಸೋಲುತ್ತಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅದೇ ರಾತ್ರಿ ಅದೇ ರಿಂಗಿನಲ್ಲಿ ರೋಮನ್ ಗೊನ್ಸಾಲೆಸ್ ಎದುರು 108 ಪೌಂಡಿನಲ್ಲಿ ಸೋತ ಮೆಕ್ಸಿಕೋದ ಹುಡುಗನೊಬ್ಬನಿದ್ದ, ಹುವಾನ್ ಫ್ರಾನ್ಸಿಸ್ಕೋ ಎಸ್ಟ್ರಾಡಾ. ಅವನೂ ನಾಲ್ಕು ಪೌಂಡ್ ಮೇಲೆ ಹತ್ತಿದ. 2013ರ ಏಪ್ರಿಲ್ 6ರಂದು ಮಕಾವ್‌ನಲ್ಲಿ 22ರ ಎಸ್ಟ್ರಾಡಾ, 32ರ ವಿಲೋರಿಯಾನ ಎರಡೂ ಬೆಲ್ಟ್‌ಗಳನ್ನು ಒಡಕು ತೀರ್ಪಿನಲ್ಲಿ (ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನ ಕಡೆ, ಒಬ್ಬ ವಿಲೋರಿಯಾನ ಕಡೆ) ಕಸಿದುಕೊಂಡ. ಒಡಕು ಎಂದರೂ ಕೊನೆಯ ರೌಂಡುಗಳು ಸ್ಪಷ್ಟವಾಗಿ ಎಸ್ಟ್ರಾಡಾನವು. ಇಲ್ಲಿ ತೂಕವನ್ನು ದೂರುವಂತಿಲ್ಲ. ತನಗಿಂತ ಉದ್ದ ಕೈಯ, ಕೋನ ಬದಲಿಸಿ ಹೊಡೆಯುವ, ಹತ್ತು ವರ್ಷ ಚಿಕ್ಕವನೆದುರು ಅವನ ಕಾಲು ತಡವಾಗುತ್ತಿತ್ತು. 2015ರ ಅಕ್ಟೋಬರ್ 17ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಗೊನ್ಸಾಲೆಸ್ ವಿಲೋರಿಯಾನನ್ನು ಮೂರನೇ ರೌಂಡಿನಲ್ಲಿ ಕೆಡವಿ ಒಂಬತ್ತರಲ್ಲಿ ನಿಲ್ಲಿಸಿದ. 2018ರ ಫೆಬ್ರುವರಿ 24ರಂದು ಖಾಲಿಯಿದ್ದ ಡಬ್ಲ್ಯುಬಿಎ ಫ್ಲೈವೇಟ್ ಬೆಲ್ಟಿಗಾಗಿ ಉಕ್ರೇನಿನ ಆರ್ಟೆಮ್ ದಲಕಿಯಾನ್ ಎದುರು ಭಾರಿ ಅಂತರದಿಂದ ಸೋತ, ಅದೇ ಕೊನೆಯ ಪಂದ್ಯ. ಲೆಕ್ಕ: 38 ಗೆಲುವು, 6 ಸೋಲು, ಎರಡು ಅಸಿಂಧು.

ಪಂದ್ಯಗಳನ್ನು ನೋಡಬೇಕೆನ್ನುವವರು ತಮಾರಾ ಪಂದ್ಯದಿಂದ ಶುರುಮಾಡಿ, ಆರನೇ ರೌಂಡಿನ ನಂತರ ಅವನ ಮೊಣಕೈಗಳು ಪಕ್ಕೆಯಿಂದ ಎಷ್ಟು ದೂರ ಸರಿಯುತ್ತವೆ ಗಮನಿಸಿ. ಆಮೇಲೆ ಸೆಗುರಾ, ಆಮೇಲೆ ಮಾರ್ಕೆಸ್. ಮಾರ್ಕೆಸ್ ಪಂದ್ಯದಲ್ಲಿ ಕೈ ನೋಡುವುದಕ್ಕಿಂತ ವಿಲೋರಿಯಾನ ಹಿಂಗಾಲು ನೋಡಿ: ಏಟು ಬಿಟ್ಟ ಪ್ರತಿ ಸಲವೂ ಅದು ಮುಂಗಾಲಿನ ಹಿಂದೆ ಎಳೆದುಕೊಂಡು ಬಂದು ಜಾಗ ಹಿಡಿಯುತ್ತದೆ, ಹತ್ತನೇ ರೌಂಡಿನಲ್ಲೂ ಹಾಗೇ.